ಕೈಗೆ ಗೊತ್ತು, ಕಾಲಿಗೆ ಗೊತ್ತಿಲ್ಲ: ಸಿಮ್‌ನಿಂದ ಸೆಸ್ನಾಕ್ಕೆ

ಸಿಮ್‌ನಲ್ಲಿ, ಅಂದರೆ ಕಂಪ್ಯೂಟರಿನ ಫ್ಲೈಟ್ ಸಿಮ್ಯುಲೇಟರಿನಲ್ಲಿ, ಮುನ್ನೂರು ತಾಸು ಹಾರಿಸಿದವರು ಮೊದಲ ಸಲ ನಿಜವಾದ ಸೆಸ್ನಾದ (ಒಂದೇ ಎಂಜಿನ್ನಿನ ಸಣ್ಣ ವಿಮಾನ) ಎಡಸೀಟಿನಲ್ಲಿ ಕೂತಾಗ ಎಡವುವುದು ನೆಲದ ಮೇಲೇ. ಟ್ಯಾಕ್ಸಿವೇಯ ಹಳದಿ ಗೆರೆಯಿಂದ ಮೂಗಿನ ಚಕ್ರ ಎಡಕ್ಕೆ ಜಾರುತ್ತದೆ. ಕೈ ತಾನಾಗಿ ಯೋಕನ್ನು (ಪೈಲಟ್‌ನ ಎದುರಿನ ಹಿಡಿಕೆ) ಕಾರಿನ ಸ್ಟೇರಿಂಗ್‌ನಂತೆ ಬಲಕ್ಕೆ ತಿರುಗಿಸುತ್ತದೆ. ರೆಕ್ಕೆಯ ತುದಿಯಲ್ಲಿ ವಿಮಾನವನ್ನು ವಾಲಿಸುವ ಪಟ್ಟಿ, ಏಲೆರಾನ್, ಏಳುತ್ತದೆ, ಇಳಿಯುತ್ತದೆ. ವಿಮಾನ ಮಾತ್ರ ಹುಲ್ಲಿನ ಕಡೆಗೇ ಸಾಗುತ್ತದೆ. ನೆಲದ ಮೇಲೆ ದಿಕ್ಕು ಇರುವುದು ಕಾಲಿನಲ್ಲಿ. ಬಲ ಪೆಡಲ್ ಒತ್ತಿ, ಒಂದು ಕ್ಷಣ ಕಾಯಬೇಕು, ಮೂಗು ತಿರುಗತೊಡಗಿದ ಕೂಡಲೇ ಒತ್ತಡ ಬಿಡಬೇಕು. ಪೂರ್ತಿ ತಿರುಗುವ ತನಕ ಒತ್ತಿಯೇ ಇಟ್ಟರೆ ಗೆರೆ ದಾಟಿ ಆ ಕಡೆಗೆ ಹೋಗುತ್ತೀರಿ. ಅನುಭವಿ ಶಿಕ್ಷಕರು ಸಿಮ್ ಹವ್ಯಾಸಿಗಳಿಗೆ ಮೊದಲು ಹೇಳುವುದು, 'ಕೈ ತೊಡೆಯ ಮೇಲಿಡಿ' ಅಂತ.

ನಮ್ಮ ಉತ್ತರ ಕನ್ನಡದಲ್ಲಿ ನಾಗರಿಕ ವಿಮಾನ ಇಳಿಯುವ ರನ್‌ವೇ ಒಂದೂ ಇಲ್ಲ. ಅಂಕೋಲಾದ ಅಲಗೇರಿಯ ಯೋಜನೆ ಕಾಗದದಿಂದ ನೆಲಕ್ಕೆ ಇಳಿಯುವವರೆಗೆ ಕಾರವಾರ, ಕುಮಟಾ, ಸಿರ್ಸಿಯ ಹವ್ಯಾಸಿಗೆ ಆಕಾಶ ಅಂದರೆ ಮನೆಯ ಮಾನಿಟರ್ರೇ. ನಿಜವಾದ ಹಾರಾಟ ಬೇಕೆಂದರೆ ಬೆಳಗಾವಿ, ಮೈಸೂರು ಅಥವಾ ಬೆಂಗಳೂರಿನ ಜಕ್ಕೂರಿನ ದಾರಿ ಹಿಡಿಯಬೇಕು. ಒಂದು ರಾತ್ರಿ ಬಸ್ಸು, ಒಂದು ವಸತಿ, ಗಾಳಿಯಲ್ಲಿ ಅರ್ಧ ತಾಸು. ಅಷ್ಟು ಖರ್ಚು ಮಾಡಿ ಹೋಗುವುದಾದರೆ ಮನೆಯಲ್ಲೇ ಸರಿಪಡಿಸಿಕೊಂಡು ಹೋಗಬಹುದಾದ ತಪ್ಪುಗಳನ್ನು ಅಲ್ಲಿ ದುಡ್ಡು ಕೊಟ್ಟು ಮಾಡುವುದು ಯಾಕೆ?

ಮೊದಲು ಕಾಲು. ಎಂಎಸ್‌ಎಫ್‌ಎಸ್‌ನ (ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್) ಸಹಾಯ ಮೆನುವಿನಲ್ಲಿ ಆಟೋ ರಡ್ಡರ್, ಅಂದರೆ ಬಾಲದ ಚುಕ್ಕಾಣಿಯನ್ನು ತಾನೇ ತಿರುಗಿಸುವ ಸೌಲಭ್ಯ, ಇದ್ದರೆ ಇವತ್ತೇ ತೆಗೆಯಿರಿ. ಅದು ಇರುವವರೆಗೆ ನಿಮ್ಮ ತಿರುವುಗಳೆಲ್ಲ ಸುಳ್ಳು. ಸೆಸ್ನಾದ ಪ್ರೊಪೆಲ್ಲರ್ ಪೈಲಟ್‌ನ ಕಣ್ಣಿಗೆ ಗಡಿಯಾರದ ದಿಕ್ಕಿನಲ್ಲಿ ತಿರುಗುತ್ತದೆ. ಪೂರ್ತಿ ಥ್ರಾಟಲ್, ಕಡಿಮೆ ವೇಗ ಎರಡೂ ಕೂಡಿದಾಗ ಮೂಗು ಎಡಕ್ಕೆ ಎಳೆಯುತ್ತದೆ. ಟೇಕಾಫ್‌ನಲ್ಲಿ, ಏರುವಾಗ ಬಲಗಾಲು ಬೇಕೇ ಬೇಕು. ಕಾರವಾರದ ಟಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ನೌಕಾಪಡೆಯ ಟುಪೊಲೆವ್ 142 ನೋಡಿದವರಿಗೆ ಒಂದು ವಿಷಯ ಕಣ್ಣಿಗೆ ಬಿದ್ದಿರಬಹುದು: ಒಂದೊಂದು ಎಂಜಿನ್ನಿಗೂ ಒಂದರ ಹಿಂದೆ ಒಂದು, ಎರಡು ಪ್ರೊಪೆಲ್ಲರ್. ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ, ತಿರುಚುವ ಬಲ ಅಲ್ಲಲ್ಲೇ ವಜಾ ಆಗುತ್ತದೆ. ಸೆಸ್ನಾಕ್ಕೆ ಆ ಭಾಗ್ಯ ಇಲ್ಲ, ಎರಡನೇ ಪ್ರೊಪೆಲ್ಲರಿನ ಕೆಲಸ ನಿಮ್ಮ ಬಲಗಾಲಿನದು.

ತಿರುವಿನಲ್ಲೂ ಹಾಗೆಯೇ. ಎಡಕ್ಕೆ ಯೋಕ್ ತಿರುಗಿಸಿದಾಗ ಬಲ ರೆಕ್ಕೆಯ ಏಲೆರಾನ್ ಕೆಳಗಿಳಿದು ಆ ರೆಕ್ಕೆ ಹೆಚ್ಚು ಎಳೆತ ಹುಟ್ಟಿಸುತ್ತದೆ. ಮೂಗು ಮೊದಲು ಬಲಕ್ಕೆ ಸ್ವಲ್ಪ ಅನುಮಾನಿಸಿ ಆಮೇಲೆ ಎಡಕ್ಕೆ ಬರುತ್ತದೆ. ಆ ಅನುಮಾನವನ್ನು ಕಾಲು ಅಳಿಸಬೇಕು. ಅಭ್ಯಾಸಕ್ಕೆ ಒಂದು ಒಳ್ಳೆಯ ದಾರಿ: ಕಾರವಾರದ ಎದುರು 2,000 ಅಡಿಯಲ್ಲಿ 90 ನಾಟ್ (ತಾಸಿಗೆ 90 ನಾಟಿಕಲ್ ಮೈಲು) ವೇಗ ಹಿಡಿದು, ಮೂಗನ್ನು ದೇವಗಡ ದ್ವೀಪಕ್ಕೆ ಗುರಿಯಿಟ್ಟು, ಎಡಕ್ಕೆ 20 ಡಿಗ್ರಿ, ಬಲಕ್ಕೆ 20 ಡಿಗ್ರಿ ವಾಲಿಸುತ್ತಾ ಹೋಗಿ. ರೆಕ್ಕೆ ತೂಗಾಡಲಿ, ಮೂಗು ದ್ವೀಪದಿಂದ ಕದಲಬಾರದು. ತಿರುಚುವ ಜಾಯ್‌ಸ್ಟಿಕ್‌ನಲ್ಲಿ ಇದು ಕಷ್ಟ, ಮಣಿಕಟ್ಟು ಒಟ್ಟಿಗೆ ಎರಡು ಕೆಲಸ ಮಾಡಬೇಕಾಗುತ್ತದೆ. ಹಣ ಒಂದೇ ಕಡೆ ಹಾಕುವುದಾದರೆ ದುಬಾರಿ ಯೋಕ್‌ಗಿಂತ ಸಾಧಾರಣ ಪೆಡಲ್ ಜೋಡಿಗೆ ಹಾಕಿ.

ಎರಡನೆಯದು ಟ್ರಿಮ್, ಯೋಕ್ ಹಿಡಿದ ಕೈಯ ಭಾರ ಇಳಿಸುವ ಸಣ್ಣ ಚಕ್ರ. ಮನೆಯ ಜಾಯ್‌ಸ್ಟಿಕ್‌ಗೆ ಸ್ಪ್ರಿಂಗ್ ಇದೆ. ಟ್ರಿಮ್ ಏನೇ ಮಾಡಿದರೂ ಅದು ನಡುವಿಗೇ ಬಂದು ನಿಲ್ಲುತ್ತದೆ. ನಿಜವಾದ ಯೋಕ್‌ನಲ್ಲಿ ಟ್ರಿಮ್ ಬದಲಿಸುವುದು ಕೈಗೆ ತಾಗುವ ಭಾರವನ್ನು. ವೇಗ ಬದಲಾದಾಗಲೆಲ್ಲ ಯೋಕ್ ಕೈಯನ್ನು ಎಳೆಯುತ್ತದೆ ಅಥವಾ ತಳ್ಳುತ್ತದೆ. ಕ್ರಮ ಇಷ್ಟೆ: ಮೊದಲು ಮೂಗನ್ನು ದಿಗಂತಕ್ಕೆ ಎಷ್ಟು ಬೇಕೋ ಅಷ್ಟು ಎತ್ತರದಲ್ಲಿ ಕೂರಿಸಿ, ಆಮೇಲೆ ಪವರ್, ವೇಗ ನಿಂತ ಮೇಲೆ ಟ್ರಿಮ್ ಚಕ್ರ. ಎರಡು ಬೆರಳಿನ ಹಿಡಿತ ಸಾಕಾಗುವವರೆಗೆ. ಸಿಮ್ ಹವ್ಯಾಸಿಗಳು ಇದನ್ನು ತಲೆಕೆಳಗು ಮಾಡುತ್ತಾರೆ, ಟ್ರಿಮ್ ಬಟನ್ ಒತ್ತಿ ಮೂಗು ಏರಿಸುವುದು, ಇಳಿಸುವುದು. ಇದು ನಿಜದಲ್ಲಿ ವಿಮಾನವನ್ನು ಅಲೆಯ ಮೇಲಿನ ದೋಣಿ ಮಾಡಿಬಿಡುತ್ತದೆ. ಮನೆಯಲ್ಲಿ ಅಭ್ಯಾಸಕ್ಕೆ, ಸ್ಟಿಕ್ಕನ್ನು ಬೇಕಾದಷ್ಟು ಎಳೆದು ಹಿಡಿದು, ಟ್ರಿಮ್ ಒತ್ತುತ್ತಾ ಒತ್ತುತ್ತಾ ಸ್ಟಿಕ್ಕನ್ನು ನಡುವಿಗೆ ಬಿಡುತ್ತಾ ಬನ್ನಿ. ಈ ಹೊತ್ತಿನಲ್ಲಿ ಮೂಗು ಅಲುಗದಿದ್ದರೆ ಪಾಸು.

ಮೂರನೆಯದು ಕಣ್ಣು. ಜಿಪಿಎಸ್, ವೇಗದ ಪಟ್ಟಿ, ಎತ್ತರದ ಪಟ್ಟಿ ನೋಡುತ್ತಾ ಹಾರಿಸುವುದು ಸಿಮ್‌ನಿಂದ ಹತ್ತುವ ಚಟ, ಯಾಕೆಂದರೆ ಮಾನಿಟರಿನಲ್ಲಿ ನೋಡಲು ಅದಕ್ಕಿಂತ ಚೆನ್ನಾದದ್ದು ಬೇರೆ ಇರುವುದಿಲ್ಲ. ಇದಕ್ಕೆ ಅರ್ಧ ಕಾರಣ ನೋಟದ ಕೋನ. 24 ಇಂಚಿನ ಮಾನಿಟರಿನ ಅಗಲ ಸುಮಾರು 53 ಸೆಂಟಿಮೀಟರ್; 60 ಸೆಂಟಿಮೀಟರ್ ದೂರದಲ್ಲಿ ಕೂತರೆ ಅದು ನಿಮ್ಮ ಕಣ್ಣಿಗೆ ತೋರುವುದು 48 ಡಿಗ್ರಿಯ ಕಿಟಕಿ. ಸಿಮ್ ಅದರೊಳಗೆ 70-80 ಡಿಗ್ರಿ ತುರುಕಿದಾಗ ರನ್‌ವೇ ನಿಜಕ್ಕಿಂತ ಸಣ್ಣದಾಗಿ, ದೂರದಲ್ಲಿ ಇದ್ದಂತೆ ಕಾಣುತ್ತದೆ. ಎಕ್ಸ್‌-ಪ್ಲೇನ್‌ ಎಂಬ ಇನ್ನೊಂದು ಸಿಮ್‌ನಲ್ಲಿ ಕೋನವನ್ನು ಡಿಗ್ರಿಯಲ್ಲೇ ಕೊಡಬಹುದು. ಎಂಎಸ್‌ಎಫ್‌ಎಸ್‌ನಲ್ಲಿ ಝೂಮ್ ಸರಿಸಿ ಅಂದಾಜು ಮಾಡಬೇಕು. ಇಳಿಯುವ ಅಭ್ಯಾಸಕ್ಕಾದರೂ 50ರ ಹತ್ತಿರ ಇಡಿ. ಪ್ಯಾನೆಲ್ ಅರ್ಧ ಮರೆಯಾಗುತ್ತದೆ, ಮರೆಯಾಗಲಿ.

ಸೆಸ್ನಾ 172 ಎಸ್‌ನ ಕೊನೆಯ ಅಪ್ರೋಚ್, ಅಂದರೆ ರನ್‌ವೇಗೆ ಇಳಿದು ಬರುವ ಹಂತ, ಪೂರ್ತಿ ಫ್ಲ್ಯಾಪ್‌ನಲ್ಲಿ (ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಸುವ ಪಟ್ಟಿ) 60ರಿಂದ 70 ನಾಟ್. ನೆಲ ಹತ್ತಿರ ಬಂದಾಗ ದೃಷ್ಟಿ ರನ್‌ವೇಯ ಆಚೆ ತುದಿಗೆ ಹೋಗಬೇಕು. ಮೂಗಿನ ಮುಂದಿನ ಡಾಂಬರನ್ನೇ ನೋಡುತ್ತಿದ್ದರೆ ಅದು ಓಡಿ ಮಸುಕಾಗುತ್ತದೆ, ಎತ್ತರ ತಿಳಿಯದೆ ಬೇಗ ಎಳೆದು ಹತ್ತು ಅಡಿ ಮೇಲೆ ವೇಗ ಕಳೆದುಕೊಂಡು ಧೊಪ್ಪೆಂದು ಬೀಳುತ್ತೀರಿ. ಇನ್ನೊಂದು ಸಿಮ್ ಚಟ, ಚಕ್ರ ತಾಗಿದ ಕೂಡಲೇ ಯೋಕ್ ಬಿಟ್ಟುಬಿಡುವುದು. ಮೂಗಿನ ಚಕ್ರದ ಕಾಲು ಸೂಕ್ಷ್ಮ. ಯೋಕನ್ನು ಹಿಂದಕ್ಕೆ ಎಳೆದೇ ಇಟ್ಟು, ಮೂಗು ತಾನಾಗಿ ಕೆಳಗಿಳಿಯಲು ಬಿಡಿ.

ಹೊರಗೆ ನೋಡುವುದನ್ನು ಕಲಿಯಲು ನಮ್ಮ ಕರಾವಳಿಗಿಂತ ಚೆಂದದ ಪಾಠಶಾಲೆ ಸಿಗುವುದಿಲ್ಲ. ಬಲಕ್ಕೆ ಸಮುದ್ರ, ಎಡಕ್ಕೆ ಘಟ್ಟ, ನಡುವೆ ಸಾಲಾಗಿ ನದಿಬಾಯಿಗಳು. ಜಿಪಿಎಸ್, ನೀಲಿ ದಾರಿಗೆರೆ, ಊರಿನ ಹೆಸರಿನ ಫಲಕ ಎಲ್ಲ ಆರಿಸಿ. ಒಂದು ಕಾಗದ, ಒಂದು ಗಡಿಯಾರ ಸಾಕು. ದಾಬೋಲಿಮ್‌ನಿಂದ ಎದ್ದರೆ ಕಾಳಿ ನದಿಯ ಬಾಯಿ ಸುಮಾರು 36 ನಾಟಿಕಲ್ ಮೈಲು; 100 ನಾಟ್‌ಗೆ 22 ನಿಮಿಷ. ಕಾಳಿ ಸೇತುವೆ ಗುರುತು, ಆದರೆ ಹುಷಾರು: ಹಳೆಯ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದಿದೆ, ಸಿಮ್‌ನ ಉಪಗ್ರಹ ಚಿತ್ರ ಹಳೆಯದಾದರೆ ಎರಡು ಕಾಣಬಹುದು. ಕಾಳಿಯಿಂದ ಗಂಗಾವಳಿಗೆ ಹತ್ತು ನಿಮಿಷ. ಗೋಕರ್ಣದ ಓಂ ಬೀಚಿನ ಆಕಾರ ಮೇಲಿನಿಂದ ತಪ್ಪಿಸಿಕೊಳ್ಳುವುದೇ ಇಲ್ಲ. ಗಂಗಾವಳಿಯಿಂದ ಅಘನಾಶಿನಿಗೆ ನಾಲ್ಕೇ ನಿಮಿಷ, ಅಲ್ಲಿಂದ ಶರಾವತಿಗೆ ಎಂಟು. ಹೊನ್ನಾವರದಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಕೊಂಕಣ ರೈಲ್ವೆ ಸೇತುವೆ ಇದೆ, ಅದು ಕಂಡರೆ ಶರಾವತಿ ಎನ್ನುವುದರಲ್ಲಿ ಸಂಶಯ ಬೇಡ. ಮುಂದೆ ಮುರ್ಡೇಶ್ವರದ ಗೋಪುರ ದಾಟಿ ಭಟ್ಕಳಕ್ಕೆ ಹನ್ನೆರಡು-ಹದಿಮೂರು. ಪ್ರತಿ ನದಿಯ ಮೇಲೂ ಹೊತ್ತು ಬರೆದುಕೊಳ್ಳಿ. ಅಂದಾಜಿಗಿಂತ ಎರಡು ನಿಮಿಷ ತಡವಾದರೆ ಎದುರುಗಾಳಿ ಇದೆ ಅಥವಾ ನೀವು ದಾರಿ ಬಳಸಿದ್ದೀರಿ.

ಈಗ ಗಾಳಿ ಹಾಕಿ. ಮಧ್ಯಾಹ್ನದ ಕಡಲಗಾಳಿ, 270 ಡಿಗ್ರಿಯಿಂದ 10 ನಾಟ್. ಕಾರವಾರದಿಂದ ಭಟ್ಕಳದ ದಿಕ್ಕು ಹೆಚ್ಚುಕಮ್ಮಿ 155. ನಮ್ಮ ಭಾಗದಲ್ಲಿ ದಿಕ್ಸೂಚಿಯ ಉತ್ತರಕ್ಕೂ ನಿಜ ಉತ್ತರಕ್ಕೂ ವ್ಯತ್ಯಾಸ ಒಂದು ಡಿಗ್ರಿಯ ಆಸುಪಾಸು, ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೂಗು 155ಕ್ಕೇ ಇಟ್ಟರೆ ಗಾಳಿ ನಿಮ್ಮನ್ನು ಘಟ್ಟದ ಕಡೆ ತಳ್ಳುತ್ತದೆ. 160 ಹಿಡಿದರೆ ನೇರ ಹೋಗುತ್ತೀರಿ. ತದಡಿಯಿಂದ ಅಘನಾಶಿನಿಗೆ ದೋಣಿ ದಾಟಿಸುವವರು ಮಾಡುವುದೂ ಇದನ್ನೇ: ಇಳಿತದ ಸೆಳೆತವಿದ್ದಾಗ ದೋಣಿಯ ಮೂತಿಯನ್ನು ದಂಡೆಯ ಮೆಟ್ಟಿಲಿಗೆ ಗುರಿಯಿಡುವುದಿಲ್ಲ, ಅದಕ್ಕಿಂತ ಮೇಲಕ್ಕೆ ಇಡುತ್ತಾರೆ.

ಇದೆಲ್ಲ ಸಿಮ್‌ಗೆ ಮಾತ್ರ. ನಿಜದಲ್ಲಿ ದಾಬೋಲಿಮ್ ನೌಕಾಪಡೆಯ ನೆಲೆ, ಕಾರವಾರದ ಕದಂಬ ನೌಕಾನೆಲೆ, ಒಳಗೆ ಕೈಗಾ ಅಣು ಸ್ಥಾವರ, ಮುರ್ಡೇಶ್ವರದ ಎದುರು ನೌಕಾಪಡೆ ಗುರಿಯಭ್ಯಾಸ ಮಾಡುವ ನೇತ್ರಾಣಿ. ಖಾಸಗಿ ಸೆಸ್ನಾ ಮನಸ್ಸಿಗೆ ಬಂದಂತೆ ಸುಳಿಯುವ ಜಾಗ ಇದಲ್ಲ.

ಇನ್ನೊಂದು ಪ್ರಯೋಗ, ಎಂಜಿನ್ ಆರಿಸುವುದು. ಕುಮಟಾದ ಮೇಲೆ 2,000 ಅಡಿಯಲ್ಲಿ ಥ್ರಾಟಲ್ ಹಿಂದಕ್ಕೆ ಎಳೆಯಿರಿ. 172 ಎಸ್‌ನಲ್ಲಿ 68 ನಾಟ್ ಹಿಡಿದರೆ ಸಾವಿರ ಅಡಿಗೆ ಒಂದೂವರೆ ನಾಟಿಕಲ್ ಮೈಲು ತೇಲುತ್ತೀರಿ, ಅಂದರೆ ಕೈಯಲ್ಲಿರುವುದು ಮೂರು ಮೈಲು. ಕಣ್ಣಿಗೆ ಮೊದಲು ಆಸೆ ಹುಟ್ಟಿಸುವುದು ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳು: ಅಗಲ, ಸಪಾಟು, ಹಸಿರು. ಕಗ್ಗ ಭತ್ತ ಬೆಳೆಯುವ ಆ ನೆಲ ಉಪ್ಪುನೀರಿನ ಕೆಸರು. ಚಕ್ರ ಹೂತು ವಿಮಾನ ಮಗುಚುತ್ತದೆ. ಇಳಿತದ ಹೊತ್ತಿನ ಒದ್ದೆ ಗಟ್ಟಿ ಮರಳು ಅದಕ್ಕಿಂತ ಎಷ್ಟೋ ವಾಸಿ. ಸಿಮ್‌ನಲ್ಲಿ ಗಜನಿಯ ಮೇಲೂ ಮೆತ್ತಗೆ ಇಳಿದು 'ಯಶಸ್ವಿ' ಅನ್ನಿಸಿಕೊಳ್ಳಬಹುದು. ನಂಬಬೇಡಿ.

ಘಟ್ಟ ಏರುವವರಿಗೆ: ಸಿರ್ಸಿ ಸುಮಾರು 1,940 ಅಡಿ ಎತ್ತರದಲ್ಲಿದೆ, ದೇವಿಮನೆಯ ಸುತ್ತಲಿನ ಕಾಡುಗುಡ್ಡಗಳು ಒಮ್ಮೆಲೇ ಏಳುತ್ತವೆ. ಚಳಿಗಾಲದ ಬೆಳಗಿನ ಮೂಡಣಗಾಳಿ ದಿಬ್ಬ ದಾಟಿ ನಮ್ಮ ಕಡೆಯ ಇಳಿಜಾರಿನಲ್ಲಿ ಕೆಳಗೆ ಸುರಿಯುತ್ತದೆ. ಕುಮಟಾದ ಕಡೆಯಿಂದ ಏರುವ ಸಣ್ಣ ಎಂಜಿನ್ನಿಗೆ ಅದು ನೇರ ಹೊಡೆತ. ಮೊದಲೇ ಸಮುದ್ರದ ಮೇಲೆ ಸುತ್ತಿ ಎತ್ತರ ಗಳಿಸಿ, ದಿಬ್ಬಕ್ಕೆ 45 ಡಿಗ್ರಿ ಓರೆಯಾಗಿ ಬನ್ನಿ, ಸೋತರೆ ಅರ್ಧ ತಿರುವಿನಲ್ಲಿ ತಗ್ಗಿನ ಕಡೆ ಹೊರಳಬಹುದು.

ಹಾರಾಟದ ದಿನದ ಲೆಕ್ಕಕ್ಕೆ ಬರೋಣ. ಬೆಳಗಾವಿ ವಿಮಾನ ನಿಲ್ದಾಣ ಸುಮಾರು 2,490 ಅಡಿ. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಎಂದುಕೊಳ್ಳಿ. ಆ ಎತ್ತರದ ಪ್ರಮಾಣಿತ ತಾಪಮಾನ 10. ಹೆಚ್ಚಿನ 24 ಡಿಗ್ರಿಗೆ ತಲಾ 120 ಅಡಿ ಸೇರಿಸಿದರೆ ವಿಮಾನ 5,400 ಅಡಿಯಲ್ಲಿದ್ದಂತೆ ವರ್ತಿಸುತ್ತದೆ. ಕರಾವಳಿಯ ಸಿಮ್ ರನ್‌ವೇಯಲ್ಲಿ ಕಂಡ ಏರುವ ದರ ಅಲ್ಲಿ ಸಿಗದು. ಅದಕ್ಕೇ ಬೆಳಿಗ್ಗೆ ಏಳರ ಹೊತ್ತಿನ ಸಮಯ ಕೇಳಿ. ಬಿಸಿಲೇರಿದ ಮೇಲಿನ ಕುಲುಕಾಟವೂ ತಪ್ಪುತ್ತದೆ. ತೂಕ ಕೇಳಿದರೆ ಸರಿಯಾಗಿ ಹೇಳಿ: ಸೆಸ್ನಾ 152ರ ಗರಿಷ್ಠ ತೂಕ 757 ಕಿಲೋ, ಟ್ಯಾಂಕ್ ತುಂಬಿದರೆ ಇಬ್ಬರಿಗೆ ಉಳಿಯುವುದು 170ರ ಆಸುಪಾಸು. ಇಡ್ಲಿ ಎರಡು ಸಾಕು, ಖಾಲಿ ಹೊಟ್ಟೆ ಬೇಡ. ಘಟ್ಟದ ತಿರುವಿನಲ್ಲಿ ತಲೆ ತಿರುಗುವವರಾದರೆ ಮದ್ದು ಅಲ್ಲಿಯದೇ, ದೂರದ ದಿಗಂತ ನೋಡುವುದು.

ಎಲ್ಲ ತರಬೇತಿ ಸಂಸ್ಥೆಗಳೂ ಹೊರಗಿನವರನ್ನು ಒಂದು ಹಾರಾಟಕ್ಕೆ ಕರೆದೊಯ್ಯುವುದಿಲ್ಲ, ಫೋನ್ ಮಾಡಿಯೇ ಹೊರಡಿ. ಸಿಮ್ ಹವ್ಯಾಸಿ ಎಂದು ಮೊದಲೇ ತಿಳಿಸಿ, 'ಲ್ಯಾಂಡಿಂಗ್ ಮಾಡಲೇ' ಎಂದು ಕೇಳುವ ಬದಲು ನೇರ ಸಮತಲ ಹಾರಾಟ, ಟ್ರಿಮ್, ಸಾಧಾರಣ ತಿರುವು ಕೇಳಿ. ಸಮಯ ಉಳಿದರೆ ನಿಧಾನ ಹಾರಾಟ. ಮನೆಯ ಸಿಮ್ ತಾಸುಗಳು ಲಾಗ್‌ಬುಕ್‌ಗೆ ಸೇರುವುದಿಲ್ಲ. ವಿದ್ಯಾರ್ಥಿ ಪೈಲಟ್ ಲೈಸೆನ್ಸ್‌ಗೆ 16 ವರ್ಷ, ಖಾಸಗಿ ಲೈಸೆನ್ಸ್‌ಗೆ 17 ವರ್ಷ ಮತ್ತು 40 ತಾಸು. ಸಿಮ್ ಹವ್ಯಾಸಿಗಳ ಆನ್‌ಲೈನ್ ಜಾಲ ವ್ಯಾಟ್‌ಸಿಮ್‌ನಲ್ಲಿ ಕಲಿತ ರೇಡಿಯೋ ಮಾತು ಮಾತ್ರ ಬಹುಪಾಲು ಹಾಗೆಯೇ ಉಪಯೋಗಕ್ಕೆ ಬರುತ್ತದೆ. ಮನೆಯಿಂದ ಒಯ್ಯಬಹುದಾದ ಅತಿ ದೊಡ್ಡ ಗಂಟು ಅದೇ.

ಸುತ್ತು ತಪಾಸಣೆಗೆ ಶಿಕ್ಷಕರ ಜೊತೆ ಹೋಗುವುದನ್ನು ಬಿಡಬೇಡಿ. ಸಿಮ್‌ನಲ್ಲಿ ಅದು ಒಂದು ಕ್ಲಿಕ್, ಇಲ್ಲಿ ರೆಕ್ಕೆಯ ಕೆಳಗೆ ಬಗ್ಗಿ ಪ್ಲಾಸ್ಟಿಕ್ ಲೋಟಕ್ಕೆ ಇಂಧನ ಬಸಿಯಬೇಕು. ಅರೆಖಾಲಿ ಟ್ಯಾಂಕಿನ ಒಳಗೋಡೆಯಲ್ಲಿ ರಾತ್ರಿಯ ತೇವ ಹನಿಗಟ್ಟಿ ತಳಕ್ಕೆ ಇಳಿದಿರುತ್ತದೆ, ಮಳೆಗಾಲ ಮುಗಿದ ಹೊಸದರಲ್ಲಂತೂ ಹೆಚ್ಚು. ಇದರ ಪೆಟ್ರೋಲ್, 100 ಎಲ್ಎಲ್ ಆವ್‌ಗ್ಯಾಸ್, ತಿಳಿನೀಲಿ. ನೀರು ಬಂದಿದ್ದರೆ ಲೋಟದ ತಳದಲ್ಲಿ ಬಣ್ಣವಿಲ್ಲದ ಗುಳ್ಳೆಯಾಗಿ ಕೂರುತ್ತದೆ, ನಡುವೆ ಗೆರೆ ಕಾಣುತ್ತದೆ. ಲೋಟದ ತುಂಬ ನೀರೇ ಬಂದರೆ ಗೆರೆ ಇರುವುದಿಲ್ಲ, ಎಲ್ಲ ಶುಭ್ರವಾಗಿ ಕಾಣುತ್ತದೆ. ಆದ್ದರಿಂದ ಲೋಟವನ್ನು ಬಿಳಿ ರೆಕ್ಕೆಗೆ ಎದುರು ಹಿಡಿದು ನೀಲಿ ಇದೆಯೇ ನೋಡಿ, ಆಮೇಲೆ ಮೂಸಿ ನೋಡಿ.