ಹಳಿ ಕಿತ್ತ ದಾರಿಯಲ್ಲಿ, ಎರಡನೆಯ ದಿನ

13 ಅಕ್ಟೋಬರ್ 2024, ಭಾನುವಾರ
ಮೈಯರ್ಸ್‌ಡೇಲ್, ಪೆನ್ಸಿಲ್ವೇನಿಯಾ

ಕಾಲಿಗಿಂತ ಅಂಗೈ ಹೆಚ್ಚು ನೋಯುತ್ತಿದೆ. ಎರಡು ದಿನದಿಂದ ಸುಣ್ಣಕಲ್ಲಿನ ಪುಡಿಜಲ್ಲಿಯ ನಡುಕವನ್ನೆಲ್ಲ ಅದೇ ನುಂಗಿಕೊಂಡಿದೆ. ನಿನ್ನೆ ಸೈಕಲ್ಲಿನಲ್ಲಿ ಪಿಟ್ಸ್‌ಬರ್ಗಿನಿಂದ ಕಾನೆಲ್ಸ್‌ವಿಲ್, ಇಂದು ಅಲ್ಲಿಂದ ಇಲ್ಲಿಗೆ ಸುಮಾರು 92 ಕಿಲೋಮೀಟರ್. ನಾಳೆ ಕಂಬರ್ಲ್ಯಾಂಡಿಗೆ 51 ಮಾತ್ರ ಉಳಿದಿದೆ. ಮಂಡಿನೋವು ಇನ್ನೂ ಬಿಟ್ಟಿಲ್ಲದ ಕಾರಣ ಇವರು ಈ ಸಲ ಬರಲಿಲ್ಲ. ಶುಕ್ರವಾರ ಆಯುಧಪೂಜೆಗೆ ಹ್ಯಾಂಡಲ್ಲಿಗೆ ಹಚ್ಚಿದ ಕುಂಕುಮ ಬೆವರಿಗೆ ಕರಗಿ ಕೈಗವಸಿನ ತುದಿಯೆಲ್ಲ ಕೆಂಪಾಗಿದೆ. ತೊಳೆಯಲು ಮನಸ್ಸಾಗಲಿಲ್ಲ.

ಈ ದಾರಿಗೆ ಗ್ರೇಟ್ ಅಲಿಗೇನಿ ಪ್ಯಾಸೇಜ್ ಎಂದು ಹೆಸರು, ಉದ್ದ 240 ಕಿಲೋಮೀಟರ್. ನಾನು ಇಂದು ತುಳಿದ ಭಾಗದಲ್ಲಿ 1912ರಿಂದ ವೆಸ್ಟರ್ನ್ ಮೇರಿಲ್ಯಾಂಡ್ ರೈಲ್ವೆಯ ಗಾಡಿಗಳು ಓಡುತ್ತಿದ್ದವು. 1975ರಲ್ಲಿ ನಿಂತವು. ಹಳಿ ಕಿತ್ತರು, ಕಾಡು ಮುಚ್ಚತೊಡಗಿತು. ಮೊದಲ ತುಂಡು ಓಹಾಯೊಪೈಲ್ ಬಳಿ ಜನರಿಗೆ ತೆರೆದದ್ದು 1986ರಲ್ಲಿ. ಕೊನೆಯ ತುಂಡು ಪಿಟ್ಸ್‌ಬರ್ಗಿನಲ್ಲಿ ಸೇರಿಕೊಳ್ಳಲು 2013 ಆಯಿತು. ಇದನ್ನೆಲ್ಲ ಹಿಂದೆಯೇ ಬರೆದಿದ್ದೇನೆ. ಆದರೆ ಈ ಸಂಜೆ ಅಪ್ಪನ ಜೊತೆ ಮಾತಾಡಿದ ಮೇಲೆ ಆ 1975 ಎಂಬ ಇಸವಿ ಬೇರೆಯಾಗಿ ಕೇಳಿಸುತ್ತಿದೆ.

ಅದಕ್ಕೆ ಮೊದಲು ಬೆಳಿಗ್ಗೆಯದು. ನಗರದ ರಸ್ತೆಯಲ್ಲಿ ಸೈಕಲ್ ತುಳಿಯುವಾಗ ನನ್ನ ಎರಡು ಕಿವಿಗಳೂ ಬೆನ್ನಿನಲ್ಲಿರುತ್ತವೆ. ಹಿಂದೆ ಬರುತ್ತಿರುವುದು ಕಾರೋ ಲಾರಿಯೋ, ಎಷ್ಟು ದೂರದಲ್ಲಿದೆ, ಜಾಗ ಬಿಡುತ್ತಾನೋ ಇಲ್ಲವೋ. ಬೆಂಗಳೂರಿನಲ್ಲಿ ಕಲಿತ ಅಭ್ಯಾಸ ಅದು, ಇಲ್ಲಿಗೂ ಬಂದಿದೆ. ಇಂದು ಓಹಾಯೊಪೈಲ್ ದಾಟಿ ಯಾಕಿಗೇನಿ ನದಿಯ ಪಕ್ಕದಲ್ಲಿ ಹೋಗುವಾಗ ಇದ್ದಕ್ಕಿದ್ದಂತೆ ನದಿಯ ಸದ್ದು ಕೇಳಿಸಿತು. ಹೊಳೆ ಬೆಳಗಿನಿಂದಲೂ ಪಕ್ಕದಲ್ಲೇ ಇತ್ತು. ಕಿವಿಗಳು ಬೆನ್ನಿನಿಂದ ಮುಂದಕ್ಕೆ ಬಂದದ್ದು ಆಗಲೇ. ಎಲೆ ಬಿದ್ದ ಸದ್ದು, ಟೈರಿನ ಕೆಳಗೆ ಜಲ್ಲಿಯ ಸದ್ದು, ಮುಂದೆಲ್ಲೋ ಒಂದು ಪುಟ್ಟ ಹುಡುಗಿ ದಾರಿಯ ಅಗಲಕ್ಕೂ ಸೊಟ್ಟಸೊಟ್ಟಾಗಿ ಸೈಕಲ್ ಬಿಡುತ್ತ ಹಾಡುತ್ತಿದ್ದಳು. ಅವಳ ತಂದೆ ಐವತ್ತು ಹೆಜ್ಜೆ ಹಿಂದೆ ಆರಾಮವಾಗಿ ನಡೆದು ಬರುತ್ತಿದ್ದರು. ಒಮ್ಮೆಯೂ "ಬದಿಗೆ ಬಾ" ಎಂದು ಕೂಗಲಿಲ್ಲ. ಆ ಮಗುವನ್ನು ದಾಟಿ ಹೋಗುವಾಗ ನನಗೆ ಏಕೋ ಗಂಟಲು ಕಟ್ಟಿತು.

ಕಾನ್‌ಫ್ಲುಯೆನ್ಸ್ ಊರಿನಲ್ಲಿ ಮೂರು ನೀರು ಸೇರುತ್ತವೆ. ಅಲ್ಲಿ ಯಾಕಿಗೇನಿಯನ್ನು ಬಿಟ್ಟು ಕ್ಯಾಸಲ್‌ಮನ್ ನದಿಯ ಕಣಿವೆ ಹಿಡಿದೆ. ಮೇಪಲ್ ಮರಗಳ ಕೆಂಪು ಈ ವಾರವೇ ತುತ್ತತುದಿಗೇರಿದೆ. ಉದುರಿದ ಎಲೆಗಳ ಕೆಳಗೆ ಕಲ್ಲು, ಬೇರು ಯಾವುದೂ ಕಾಣುವುದಿಲ್ಲ, ಎರಡು ಕಡೆ ಜಾರಿದೆ, ಬೀಳಲಿಲ್ಲ. ಪಿಂಕರ್ಟನ್ ಸುರಂಗದಲ್ಲಿ ಚಳಿ. ಕೊನೆಯಲ್ಲಿ ಸಾಲಿಸ್ಬರಿ ಸೇತುವೆ: ಸುಮಾರು 580 ಮೀಟರ್ ಉದ್ದ, ನೂರು ಅಡಿ ಎತ್ತರ. ಕೆಳಗೆ ನದಿ, ಹೆದ್ದಾರಿ, ಇನ್ನೂ ಓಡುತ್ತಿರುವ ಇನ್ನೊಂದು ರೈಲು ಮಾರ್ಗ. ಲಾರಿಗಳು ಆಟಿಕೆಯಂತೆ ಹೋಗುತ್ತಿದ್ದವು. ನಾನು ಅವುಗಳ ಮೇಲೆ ಒಬ್ಬಳೇ.

ರಾತ್ರಿ ಒಂಬತ್ತಕ್ಕೆ ಅಪ್ಪನಿಗೆ ಫೋನ್ ಮಾಡಿದೆ. ಸಕಲೇಶಪುರದಲ್ಲಿ ಆಗ ಬೆಳಗಿನ ಆರೂವರೆ, ಅವರ ಎರಡನೆಯ ಕಾಫಿಯ ಹೊತ್ತು.

"ಎಲ್ಲಿಗೆ ಬಂದೆ ಪುಟ್ಟಿ?"

ಹೇಳಿದೆ. ಮೊದಲು ಕೇಳಿದ್ದು ಊಟದ ವಿಷಯ. ಆಮೇಲೆ, "ಏರು ಎಷ್ಟಿದೆ?"

"ಈ ಕಡೆ ನೂರಕ್ಕೆ ಒಂದೂ ಇಲ್ಲ ಅಪ್ಪ. ಏರುತ್ತಿದ್ದೇನೆ ಎಂದೇ ಗೊತ್ತಾಗುವುದಿಲ್ಲ."

"ನಮ್ಮದು ಐವತ್ತಕ್ಕೆ ಒಂದು" ಎಂದರು. ಆ ದನಿಯಲ್ಲಿ ಎಷ್ಟು ಹೆಮ್ಮೆಯಿತ್ತೆಂದರೆ, ಘಟ್ಟವನ್ನೇ ಅವರು ಕಟ್ಟಿದಂತೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗೆ 55 ಕಿಲೋಮೀಟರ್, 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಹಳಿ ಪರೀಕ್ಷಿಸುವ ಕೀಮನ್ ಆಗಿ ಆ ಮಾರ್ಗದ ಮೇಲೆ ಅವರು ನಡೆದ ದೂರವನ್ನು ಯಾರೂ ಅಳೆದಿಲ್ಲ.

ಅಷ್ಟರಲ್ಲಿ ಊರಿನ ಆ ತುದಿಯಲ್ಲಿ ಗೂಡ್ಸ್ ಗಾಡಿ ಬಂತು. ಕಿಟಕಿ ತೆರೆದಿತ್ತು. ಅಪ್ಪ ಮಾತು ನಿಲ್ಲಿಸಿದರು. "ತಡಿ, ಫೋನನ್ನು ಆ ಕಡೆ ಹಿಡಿ" ಎಂದರು. ಹಿಡಿದೆ. ಬಹಳ ಉದ್ದದ ಗಾಡಿ. ಎರಡು ಮೂರು ನಿಮಿಷ ನಾವಿಬ್ಬರೂ ಏನೂ ಮಾತಾಡಲಿಲ್ಲ.

"ಹಳಿಗೆ ಜೋಡಣೆಯೇ ಇಲ್ಲ. ಪೂರ್ತಿ ವೆಲ್ಡ್ ಮಾಡಿದ್ದಾರೆ. ಒಂದು ಗಾಲಿ ಮಾತ್ರ ಸವೆದು ಚಪ್ಪಟೆಯಾಗಿದೆ, ಕೇಳಿಸಿತಾ?"

ಕೇಳಿಸಿರಲಿಲ್ಲ. ಹತ್ತಿರ ಇದ್ದವಳು ನಾನು.

"ಅಲ್ಲ, ನೀನು ಹೋಗುತ್ತಿರುವುದು ಅದರ ಮೇಲಲ್ಲವಲ್ಲ?"

ಅದು ಬೇರೆ ಕಂಪನಿಯ ಹಳೆಯ ಮಾರ್ಗ, ನದಿಯ ಆಚೆ ದಡದಲ್ಲೇ ಬಂತು, ಅದು ಉಳಿದುಕೊಂಡಿತು, ನನ್ನದರ ಹಳಿ ಕಿತ್ತು ಜಲ್ಲಿಪುಡಿ ಹಾಸಿದ್ದಾರೆ ಎಂದು ವಿವರಿಸಿದೆ. ಕಾರು, ಬೈಕು ಯಾವುದಕ್ಕೂ ಪ್ರವೇಶವಿಲ್ಲ, ಸೈಕಲ್ಲಿನವರು ಮತ್ತು ನಡೆಯುವವರು ಮಾತ್ರ, ಎಷ್ಟು ಚೆನ್ನಾಗಿದೆ ಗೊತ್ತಾ ಎಂದು ಸಂಭ್ರಮದಲ್ಲಿ ಹೇಳುತ್ತಲೇ ಹೋದೆ.

ಅಪ್ಪ ಸುಮ್ಮನಿದ್ದರು. ಬಳಿಕ, "ಕಿತ್ತರಾ?" ಎಂದರು. ಅಷ್ಟೇ.

ಆ ದನಿ ನಾನು ಹಿಂದೆ ಒಮ್ಮೆ ಕೇಳಿದ್ದೇನೆ. 1996ರಲ್ಲಿ ಗೇಜ್ ಬದಲಾವಣೆಗೆಂದು, ಅಂದರೆ ಹಳಿಗಳ ನಡುವಿನ ಅಂತರ ಹೆಚ್ಚಿಸಲೆಂದು, ನಮ್ಮ ಮಾರ್ಗ ನಿಲ್ಲಿಸಿದಾಗ ನನಗೆ ಎಂಟು ವರ್ಷ. ದೋಣಿಗಲ್ಲಿನ ಕ್ವಾರ್ಟರ್ಸಿನಲ್ಲಿದ್ದೆವು. ಮೀಟರ್ ಗೇಜಿನ ಹಳಿ ತೆಗೆಯುವ ದಿನ ಅಪ್ಪ ಊಟಕ್ಕೆ ಕೂತು ಎದ್ದುಬಿಟ್ಟರು. ಹೊಸದು ಬರುತ್ತದಲ್ಲ ಎಂದು ಅಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ. ಗೂಡ್ಸ್ ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕರ ಗಾಡಿ 2007ರ ಡಿಸೆಂಬರಿನಲ್ಲಿ. ಹತ್ತು ವರ್ಷ ಅವರು ಬೇರೆಲ್ಲೋ ಕೆಲಸ ಮಾಡಿದರು. ಈ ಆಷಾಢದ ಮಳೆಗೆ ಎಡಕುಮೇರಿ, ಕಡಗರವಳ್ಳಿ ನಡುವೆ ಮಣ್ಣು ಕುಸಿದು ಗಾಡಿಗಳು ನಿಂತಾಗಲೂ, ನಿವೃತ್ತರಾಗಿ ಹತ್ತು ವರ್ಷವಾದ ಮನುಷ್ಯ ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲವೆಂದು ಅಣ್ಣ ಹೇಳಿದ್ದ.

ಇದನ್ನೆಲ್ಲ ತಿಳಿದೂ ನಾನು ಹಳಿ ಕಿತ್ತದ್ದನ್ನು ಹಬ್ಬದ ಸುದ್ದಿಯಂತೆ ಹೇಳಿದ್ದೆ.

ಅವರ ಮನಸ್ಸಿಗೆ ಹಿತವಾಗಲೆಂದು ಇಲ್ಲಿ 1983ರಲ್ಲಿ ಬಂದ ಕಾನೂನಿನ ಮಾತು ತೆಗೆದೆ. ಕಂಪನಿ ಬಿಟ್ಟ ರೈಲು ದಾರಿಯನ್ನು ತುಂಡು ಮಾಡಿ ಮಾರದೆ ಹಾಗೆಯೇ ಕಾದಿರಿಸಬಹುದು, ಮುಂದೆಂದಾದರೂ ರೈಲು ಬೇಕೆನಿಸಿದರೆ ಮತ್ತೆ ಹಳಿ ಹಾಕಬಹುದು, ಅಲ್ಲಿಯವರೆಗೆ ಜನ ನಡೆಯಲಿ, ಸೈಕಲ್ ತುಳಿಯಲಿ ಎಂದು. ಅಪ್ಪ ಗಮನವಿಟ್ಟು ಕೇಳಿದರು.

"ದಾರಿ ಹಾಗೇ ಇಟ್ಟಿದ್ದಾರೆ ಅನ್ನು."

"ಹೌದಪ್ಪ."

"ಚರಂಡಿ? ಗುಡ್ಡದ ಕಡೆಯ ಚರಂಡಿ ತೆಗೆಯುತ್ತಾರಾ? ಅದು ಕಟ್ಟಿಕೊಂಡರೆ ಒಂದೇ ಮಳೆಗೆ ದಾರಿ ಹೋಗುತ್ತದೆ."

ನಿನ್ನೆ ಸಲಿಕೆ ಹಿಡಿದು ಎಲೆ ಬಾಚುತ್ತಿದ್ದ ನಾಲ್ವರು ವಯಸ್ಸಾದವರನ್ನು ಕಂಡಿದ್ದೆ, ಸಂಬಳವಿಲ್ಲದೆ ಮಾಡುವವರು. ಹೇಳಿದೆ. "ಹಾಗಾದರೆ ಸರಿ" ಎಂದರು. ನಿಜವಾಗಿ ಸಮಾಧಾನವಾಯಿತೋ ನನಗಾಗಿ ಹೇಳಿದರೋ ತಿಳಿಯಲಿಲ್ಲ.

ನಾಳೆ ಸುಮಾರು 13 ಕಿಲೋಮೀಟರ್ ಹೋದರೆ 729 ಮೀಟರ್ ಎತ್ತರದಲ್ಲಿ ನೀರು ಹಂಚಿಕೊಳ್ಳುವ ಜಾಗ. ಈ ಕಡೆಯ ಮಳೆ ಮಿಸಿಸಿಪ್ಪಿ ಸೇರಿ ಮೆಕ್ಸಿಕೊ ಕೊಲ್ಲಿಗೆ, ಆ ಕಡೆಯದು ಪೊಟೊಮ್ಯಾಕ್ ಸೇರಿ ಅಟ್ಲಾಂಟಿಕ್ಕಿಗೆ. ನಮ್ಮ ಬಿಸಲೆಯ ಕಡೆಯ ಹಾಗೆಯೇ ಎಂದರು ಅಪ್ಪ, ಒಂದು ಹನಿ ಅರಬ್ಬೀ ಸಮುದ್ರಕ್ಕೆ, ಪಕ್ಕದ್ದು ಬಂಗಾಳ ಕೊಲ್ಲಿಗೆ. ಅದು ದಾಟಿದ ಮೇಲೆ ಬಿಗ್ ಸ್ಯಾವೇಜ್ ಸುರಂಗ, ಒಂದು ಕಿಲೋಮೀಟರ್ ಉದ್ದ. ಚಳಿಗಾಲದಲ್ಲಿ ಬಾಗಿಲು ಹಾಕಿಬಿಡುತ್ತಾರೆ, ಈಗ ತೆರೆದಿದೆ, ಒಳಗೆ ದೀಪಗಳಿವೆ ಎಂದೆ.

ಅಪ್ಪ ಇನ್ನೇನು ಫೋನ್ ಇಡುತ್ತಾರೆ ಎನ್ನುವಾಗ, "ಗೋಡೆಯಲ್ಲಿ ಗೂಡುಗಳಿವೆಯಾ ನೋಡು" ಎಂದರು. "ಸುರಂಗದ ಒಳಗಿರುವಾಗ ಗಾಡಿ ಬಂದರೆ ನಾವು ನಿಲ್ಲುತ್ತಿದ್ದ ಗೂಡು. ಬೆನ್ನು ಗೋಡೆಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲಬೇಕು. ಮುಗಿಯುವವರೆಗೆ ಉಸಿರು ಬಿಡುವ ಹಾಗಿಲ್ಲ, ಹೊಗೆ."

ಇಷ್ಟು ವರ್ಷದಲ್ಲಿ ಇದನ್ನು ಅವರು ಹೇಳಿರಲಿಲ್ಲ. ಮಳೆಗಾಲದಲ್ಲಿ ಲಾಟೀನು ಹಿಡಿದು ಗಸ್ತು ಹೋಗಿ ಬೆಳಗಿನ ಜಾವ ಒದ್ದೆಯಾಗಿ ಬರುತ್ತಿದ್ದರು, ಬಟ್ಟೆಗೆ ಡೀಸೆಲ್ ವಾಸನೆ. ನಾವು ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಿದ್ದೆವು.

ಬಿಗ್ ಸ್ಯಾವೇಜಿನ ಗೋಡೆಯನ್ನು ಇಪ್ಪತ್ತು ವರ್ಷದ ಹಿಂದೆ ರಿಪೇರಿ ಮಾಡಿದ್ದಾರೆ. ಗೂಡುಗಳಿದ್ದರೂ ಉಳಿದಿವೆಯೋ ಏನೋ. ನಾಳೆ ಒಳಗೆ ಹೋದ ಕೂಡಲೇ ಇಳಿದು, ಸೈಕಲ್ ತಳ್ಳಿಕೊಂಡು, ಗೋಡೆಯ ಮೇಲೆ ಕೈಯಾಡಿಸುತ್ತ ನಡೆಯಬೇಕು. ಸಿಕ್ಕರೆ ಒಳಗೆ ನಿಂತು ಅಪ್ಪನಿಗೆ ಒಂದು ಫೋಟೊ. ಸಿಗದಿದ್ದರೆ

ಮತ್ತೊಂದು ಗೂಡ್ಸ್ ಬರುತ್ತಿದೆ. ಈ ಸಲ ಆ ಚಪ್ಪಟೆ ಗಾಲಿ ಕೇಳಿಸುತ್ತದೆಯೋ ನೋಡುತ್ತೇನೆ.