ಮಾವನ ಹಿಮ್ಮಡಿ

"ಚರ್ಮದ ಕ್ಯಾನ್ಸರ್ ಬಿಳಿಯರಿಗೆ ಬರುವುದಲ್ವಾ ಡಾಕ್ಟ್ರೇ?" ಬಯಾಪ್ಸಿ ರಿಪೋರ್ಟ್ ಕೇಳಿ ಮಾವ ಆಡಿದ ಮೊದಲ ಮಾತು ಇದು. ಕಾರ್ಕಳದ ಕಡೆಯ ಅಡಿಕೆ ತೋಟದಲ್ಲಿ ಬರಿಗಾಲಲ್ಲೇ ಓಡಾಡಿದವರು. ಹಿಮ್ಮಡಿಯ ಕಪ್ಪು ಕಲೆಯನ್ನು ಆಣಿ ಎಂದುಕೊಂಡು ಮೆಡಿಕಲ್ಲಿನ ಪಟ್ಟಿ ಅಂಟಿಸುತ್ತಿದ್ದರು. ಕಲೆ ಹರಡಿ ನೀರು ಒಸರತೊಡಗಿದ ಮೇಲೆ, ಅತ್ತೆಯ ಗಲಾಟೆ ತಾಳಲಾರದೆ ಮಣಿಪಾಲಕ್ಕೆ ಬಂದದ್ದು.

ಅಕ್ರಲ್ ಮೆಲನೋಮಾ. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನಲ್ಲೇ ಅಂಗಾಲು, ಅಂಗೈ, ಉಗುರಿನಡಿ ಬರುವಂಥದ್ದು. ಬಿಸಿಲಿನ ಪಾಲು ಇದರಲ್ಲಿ ತೀರಾ ಕಡಿಮೆ. 1981ರಲ್ಲಿ ತೀರಿಕೊಂಡ ಗಾಯಕ ಬಾಬ್ ಮಾರ್ಲಿಗೆ ಕಾಲ್ಬೆರಳಲ್ಲಿ ಶುರುವಾದದ್ದೂ ಇದೇ. ಡಾಕ್ಟರು ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮೋಸ್ಕೋಪಿನಲ್ಲಿ ನನಗೂ ತೋರಿಸಿದ್ದರು: ಅಂಗಾಲಿನ ಗೆರೆಗಳ ತಗ್ಗಿನಲ್ಲಿ ಬಣ್ಣ ಕೂತಿದ್ದರೆ ಸಾಮಾನ್ಯವಾಗಿ ಬರೀ ಮಚ್ಚೆ, ಉಬ್ಬಿನ ಮೇಲೆ ಕೂತರೆ ಅನುಮಾನ. ಮಾವನದ್ದು ಉಬ್ಬಿನ ಮೇಲೆಯೇ ಇತ್ತು.

ಇಲ್ಲಿ ಅಗಲಕ್ಕಿಂತ ಆಳ ಮುಖ್ಯವಂತೆ, ಅದನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಸುತ್ತಲಿನ ಒಳ್ಳೆಯ ಚರ್ಮವನ್ನೂ ಸೇರಿಸಿ ತೆಗೆದು, ತೊಡೆಯ ಚರ್ಮ ತಂದು ಹಾಕಿದರು. ಕಾಯಿಲೆ ಮೊದಲು ಹರಡುವ ತೊಡೆಸಂದಿನ ಗ್ರಂಥಿ ಯಾವುದೆಂದು ಹುಡುಕಲು ಹಿಮ್ಮಡಿಗೆ ನೀಲಿ ಬಣ್ಣದ ಇಂಜೆಕ್ಷನ್ ಕೊಟ್ಟಿದ್ದರು. ಮರುದಿನ ಬೆಳಿಗ್ಗೆ ಮಾವ ಬಾತ್‌ರೂಮಿನಿಂದಲೇ ಕೂಗಿದರು: "ಮಾರಾಯ, ಎಂತದಿದು, ಮೂತ್ರ ಹಸಿರು!" ಇಂಜೆಕ್ಷನ್ನಿನ ಬಣ್ಣ ಹೊರಗೆ ಹೋಗುವುದೇ ಹಾಗೆ ಎಂದು ನರ್ಸ್ ನಕ್ಕರು. ಮೊದಲೇ ಹೇಳಬಹುದಿತ್ತು.

ಗ್ರಂಥಿಯಲ್ಲಿ ಏನೂ ಇರಲಿಲ್ಲ. ಆ ಸಮಾಧಾನದಲ್ಲಿದ್ದಾಗಲೇ, ಉಳಿದ ತುಣುಕನ್ನು ಸಂಶೋಧನೆಗೆ ಇಟ್ಟುಕೊಳ್ಳಬಹುದೇ ಎಂದು ಕೇಳಿಕೊಂಡು ಒಬ್ಬ ಹುಡುಗಿ ಬಂದಳು. ಕನ್ನಡದ ಒಪ್ಪಿಗೆ ಪತ್ರ. ನನಗೆ ಮೊದಲು ಸಿಟ್ಟೇ ಬಂತು. ಕೂತು ಕೇಳಿದ ಮೇಲೆ ಇಳಿಯಿತು. ಮೆಲನೋಮಾದ ಬಗ್ಗೆ ತಿಳಿದಿರುವುದರಲ್ಲಿ ಬಹುಪಾಲು ಬಿಳಿಯ ರೋಗಿಗಳಿಂದ ತಿಳಿದದ್ದು. ಜೇಮ್ಸ್ ಆಲಿಸನ್, ತಾಸುಕು ಹೊಂಜೊ ಅವರಿಗೆ 2018ರ ನೊಬೆಲ್ ತಂದ ಇಮ್ಯುನೊಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಬಿಡುವ ಚಿಕಿತ್ಸೆ ಕೂಡ ಈ ಅಂಗಾಲಿನ ಜಾತಿಗೆ ಅಷ್ಟಾಗಿ ನಾಟುವುದಿಲ್ಲ. ಏಕೆಂದು ತಿಳಿಯಲು ನಮ್ಮಂಥವರ ಹಿಮ್ಮಡಿಯೇ ಬೇಕು.

"ಬೇಡ ಅಂದರೆ ಮದ್ದು ನಿಲ್ಲಿಸ್ತೀರಾ?" ಮಾವ ಕೇಳಿದರು.

"ಇಲ್ಲ ಅಂಕಲ್. ಒಪ್ಪಿ ಆಮೇಲೆ ಬೇಡ ಅಂದರೂ ತೊಂದರೆ ಇಲ್ಲ."

"ಹೆಸರು?"

"ಹೆಸರು ಹಾಕುವುದಿಲ್ಲ, ನಂಬರ್ ಮಾತ್ರ."

ಮಾವ ಕನ್ನಡಕ ಏರಿಸಿ ಎಲ್ಲ ಪುಟ ಓದಿ ಸಹಿ ಹಾಕಿದರು. "ತೋಟದಲ್ಲಿ ಸವೆದ ಚರ್ಮ, ಗಟ್ಟಿ ಉಂಟು. ಕೊಯ್ಯುವವರಿಗೆ ಒಳ್ಳೆ ಬ್ಲೇಡ್ ಇಟ್ಟುಕೊಳ್ಳಲಿಕ್ಕೆ ಹೇಳು."