ಬ್ರೈಲ್ ಸಾಧನ ಮತ್ತು ಸರಿಯುವ ಬೆರಳು: ವಿನ್ಯಾಸದ ಕೆಲಸದಲ್ಲಿ ಕಲಿತದ್ದು

ಅಂಧರಿಗಾಗಿ ಬ್ರೈಲ್ ಓದುವ ಸಾಧನಗಳನ್ನು ವಿನ್ಯಾಸ ಮಾಡುವುದು ನನ್ನ ಉದ್ಯೋಗ. ಇದನ್ನು ಕೇಳಿದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಒಂದು ಸಲಹೆಯನ್ನು ತಪ್ಪದೆ ಕೊಡುತ್ತಾರೆ. ಸಾಧನದ ಬೆಲೆಯಲ್ಲಿ ದೊಡ್ಡ ಪಾಲು, ಚುಕ್ಕಿಗಳನ್ನು ಎತ್ತಿ ಇಳಿಸಿ ಒಂದೊಂದು ಅಕ್ಷರಚಿಹ್ನೆ ಮೂಡಿಸುವ ಬ್ರೈಲ್ ಸೆಲ್‌ಗಳದ್ದೇ ಆಗಿರುವಾಗ, ಇಪ್ಪತ್ತು ಅಥವಾ ನಲವತ್ತು ಸೆಲ್‌ಗಳ ಸಾಲು ಏಕೆ ಬೇಕು, ಒಂದೇ ಸೆಲ್‌ನ ಮೇಲೆ ಬೆರಳಿಟ್ಟು ಕುಳಿತರೆ ಅಕ್ಷರಗಳು ಒಂದಾದ ಮೇಲೊಂದು ಅಲ್ಲಿಯೇ ಮೂಡಬಹುದಲ್ಲ ಎಂಬುದು ಆ ಸಲಹೆ. ಬೆಲೆಯ ಲೆಕ್ಕದಲ್ಲಿ ಇದರಲ್ಲಿ ತಪ್ಪಿಲ್ಲ. ತೊಡಕು ಇರುವುದು ಬೆರಳಿನ ಕಡೆಯಲ್ಲಿ.

ಮೊದಲು ಬೆಲೆಯ ಮಾತು. ಸಾಮಾನ್ಯ ಸೆಲ್‌ನಲ್ಲಿ ಪ್ರತಿ ಚುಕ್ಕಿಗೂ ಒಂದು ಪಿನ್ ಇರುತ್ತದೆ, ಪಿನ್ನಿನ ಬುಡಕ್ಕೆ ಪೀಜೋ ಸೆರಾಮಿಕ್‌ನ ತೆಳುವಾದ ಪಟ್ಟಿಯಿರುತ್ತದೆ. ಸುಮಾರು 200 ವೋಲ್ಟ್ ಹರಿಸಿದಾಗ ಆ ಪಟ್ಟಿ ತುಸುವೇ ಬಾಗಿ ಪಿನ್ನನ್ನು ಮೇಲೆತ್ತುತ್ತದೆ. ಕಾಗದದ ಬ್ರೈಲ್‌ಗೆ ಆರು ಚುಕ್ಕಿಗಳು ಸಾಕು, ಆದರೆ ಕಂಪ್ಯೂಟರಿನೊಂದಿಗೆ ಬಳಸುವ ಸೆಲ್‌ಗಳಲ್ಲಿ ಕರ್ಸರ್ ತೋರಿಸಲೆಂದು ಕೆಳಗೆ ಇನ್ನೆರಡು ಸೇರಿ ಎಂಟಾಗುತ್ತವೆ. ಹೀಗಾಗಿ 40 ಸೆಲ್‌ಗಳ ಸಾಧನವೆಂದರೆ 320 ಪಿನ್‌ಗಳು, ಅಷ್ಟೇ ಪಟ್ಟಿಗಳು. ಪಟ್ಟಿಗಳು ಸೆಲ್‌ನ ಹಿಂಬದಿಗೆ ಉದ್ದಕ್ಕೆ ಚಾಚಿಕೊಂಡಿರುವುದರಿಂದ ಎರಡನೆಯ ಸಾಲಿಗೆ ಜಾಗ ಹೊಂದಿಸುವುದು ಕಷ್ಟ. ಬಹುಪಾಲು ಸಾಧನಗಳು ಒಂದೇ ಸಾಲಿನವಾಗಿ ಉಳಿದಿರುವುದಕ್ಕೆ ಇದೂ ಒಂದು ಕಾರಣ.

ಇನ್ನು ಬೆರಳು. ಬ್ರೈಲ್ ಚುಕ್ಕಿಯ ಎತ್ತರ ಸುಮಾರು ಅರ್ಧ ಮಿಲಿಮೀಟರ್, ಒಂದು ಚುಕ್ಕಿಗೂ ಪಕ್ಕದ ಚುಕ್ಕಿಗೂ ಸುಮಾರು 2.5 ಮಿಲಿಮೀಟರ್ ಅಂತರ. ಇಡೀ ಸೆಲ್ ಬೆರಳ ತುದಿಯ ಕೆಳಗೆ ಅಡಗುವುದರಿಂದ, ನಿಂತಲ್ಲೇ ಓದಬಹುದೆಂದು ಕಣ್ಣಿನಿಂದ ಓದುವವರಿಗೆ ಅನ್ನಿಸುವುದು ಸಹಜ. ಆದರೆ ಚರ್ಮ ಮುಖ್ಯವಾಗಿ ಗುರುತಿಸುವುದು ಬದಲಾವಣೆಯನ್ನು; ಅಲುಗದೆ ಒತ್ತಿ ಹಿಡಿದ ಚುಕ್ಕಿಗಳ ಅರಿವು ಬೇಗನೆ ಮಂಕಾಗುತ್ತದೆ. ಅಭ್ಯಾಸವಿರುವ ಓದುಗರ ಬೆರಳು ಸಾಲಿನ ಮೇಲೆ ಬಹಳ ಹಗುರವಾಗಿ ಸರಿಯುತ್ತದೆ, ಪರಿಚಿತ ಪದದ ಮೇಲೆ ಬೇಗ ಹಾಯುತ್ತದೆ, ಅನುಮಾನ ಬಂದಲ್ಲಿ ಹಿಂದಕ್ಕೆ ಬರುತ್ತದೆ. ಒಂಟಿ ಸೆಲ್‌ನಲ್ಲಿ ಈ ಸ್ವಾತಂತ್ರ್ಯವೆಲ್ಲ ಯಂತ್ರದ ಪಾಲಾಗುತ್ತದೆ.

ಬೆರಳನ್ನು ಒಂದೆಡೆ ಇರಿಸಿಯೇ ಓದಿಸಿದ ಸಾಧನವೂ ಇತ್ತು, ಮತ್ತು ಅದು ನನ್ನ ಮಾತಿಗೆ ವಿರುದ್ಧವಾಗಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜಾನ್ ಲಿನ್ವಿಲ್ ತಮ್ಮ ಅಂಧ ಮಗಳ ಓದಿಗೆಂದು ಯೋಚಿಸಿದ ಆಪ್ಟಕಾನ್ 1971ರಲ್ಲಿ ಮಾರಾಟಕ್ಕೆ ಬಂತು. ಬಲಗೈಯಲ್ಲಿ ಪುಟ್ಟ ಕ್ಯಾಮೆರಾವನ್ನು ಮುದ್ರಿತ ಸಾಲಿನ ಮೇಲೆ ಸರಿಸಿದರೆ, ಎಡಗೈಯ ತೋರುಬೆರಳಿನ ಕೆಳಗೆ 144 ಪಿನ್‌ಗಳು ಆ ಅಕ್ಷರದ ಆಕಾರವನ್ನೇ ಮೂಡಿಸುತ್ತಿದ್ದವು. ಆ ಪಿನ್‌ಗಳು ಕಂಪಿಸುತ್ತಿದ್ದವು ಎಂಬುದನ್ನೂ, ಓದಿನ ವೇಗ ಓದುಗರ ಬಲಗೈಯಲ್ಲೇ ಇತ್ತು ಎಂಬುದನ್ನೂ ಗಮನಿಸಬೇಕು. ಒಂಟಿ ಸೆಲ್‌ನ ಸಲಹೆಯಲ್ಲಿ ಇವೆರಡೂ ಇರುವುದಿಲ್ಲ.

ಬೆರಳು ಸರಿಯಲೇಬೇಕೆಂದು ಒಪ್ಪಿದ ಮೇಲೆ ವಿನ್ಯಾಸದ ಆದ್ಯತೆಗಳೇ ಬದಲಾಗುತ್ತವೆ. ಪಿನ್ ಮೇಲಿನಿಂದ ಬರುವ ಒತ್ತಡವನ್ನಷ್ಟೇ ಅಲ್ಲ, ಪಕ್ಕದಿಂದ ಬರುವ ಉಜ್ಜುವಿಕೆಯನ್ನೂ ತಡೆಯಬೇಕು. ಎರಡು ಸೆಲ್‌ಗಳ ನಡುವಣ ಸಂದು ಕಣ್ಣಿಗೆ ಕಾಣದಷ್ಟು ಸಣ್ಣದಾಗಿದ್ದರೂ ಬೆರಳಿಗೆ ಅದು ಗೀರಿನಂತೆ ಸಿಕ್ಕುತ್ತದೆ, ಪಕ್ಕದ ಪಿನ್‌ಗಿಂತ ಕೊಂಚ ತಗ್ಗಾದ ಪಿನ್ ಇಲ್ಲವೆಂದೇ ಲೆಕ್ಕ. ಪೀಜೋ ಪಿನ್ ಸ್ಪ್ರಿಂಗಿನಂತೆ ಮಣಿಯುವುದರಿಂದ, ಈಗಷ್ಟೇ ಬ್ರೈಲ್ ಕಲಿಯುತ್ತಿರುವವರು ಬಲವಾಗಿ ಒತ್ತಿದಾಗ ಚುಕ್ಕಿಯೇ ಒಳಗೆ ಹೋಗುತ್ತದೆ. ಬೆಲೆ ಇಳಿಸುವ ಉದ್ದೇಶದಿಂದ ಬಂದ 20 ಸೆಲ್‌ಗಳ ಆರ್ಬಿಟ್ ರೀಡರ್‌ನಲ್ಲಿ ಪಿನ್‌ಗಳು ಮೇಲೆದ್ದ ಮೇಲೆ ಬಿಗಿಯಾಗಿ ನಿಲ್ಲುತ್ತವೆ. ಸಾಲು ಬದಲಾಗುವುದು ನಿಧಾನ ಮತ್ತು ಅದರ ಸದ್ದು ಕೇಳುತ್ತದೆ. ಶಾಲೆಯ ಮಕ್ಕಳಿಗೆ ನಾನು ಆ ಸದ್ದನ್ನು ಸಹಿಸಿ ಬಿಗಿಯನ್ನೇ ಆಯ್ದುಕೊಳ್ಳುತ್ತೇನೆ. (ತಲೆಗೆ ಎಣ್ಣೆ ಹಚ್ಚಿದ ಕೈಯಲ್ಲೇ ಓದಲು ಕೂರುವ ನಮ್ಮ ದೇಶದಲ್ಲಿ ಪಿನ್‌ಗಳ ಸುತ್ತ ಎಣ್ಣೆ ಮತ್ತು ಧೂಳು ಸೇರಿ ಕಟ್ಟಿಕೊಳ್ಳುವುದು ಬೇರೆಯದೇ ತಲೆನೋವು.)

ಕನ್ನಡದ ಓದುಗರಿಗೆ ಸಾಲಿನ ಉದ್ದ ಇನ್ನೂ ಮುಖ್ಯವಾಗುತ್ತದೆ. ಭಾರತೀಯ ಭಾಷೆಗಳಿಗೆ ಬಳಸುವ ಭಾರತಿ ಬ್ರೈಲ್‌ನಲ್ಲಿ ಸ್ವರಚಿಹ್ನೆ ವ್ಯಂಜನದ ನಂತರ ಪ್ರತ್ಯೇಕ ಸೆಲ್ ಆಗಿ ಬರುತ್ತದೆ, ಒತ್ತಕ್ಷರವಿದ್ದಲ್ಲಿ ಸ್ವರವಿಲ್ಲದ ವ್ಯಂಜನಕ್ಕಿಂತ ಮೊದಲು ನಾಲ್ಕನೆಯ ಚುಕ್ಕಿ ಮಾತ್ರ ಎದ್ದ ಸೆಲ್ ಇಡಬೇಕಾಗುತ್ತದೆ. ಮುದ್ರಣದಲ್ಲಿ ಒಂದೇ ಅಕ್ಷರವಾಗಿರುವ ‘ಸ್ತ್ರೀ’ ಇಲ್ಲಿ 6 ಸೆಲ್ ಹಿಡಿಯುತ್ತದೆ, ‘ರಾಷ್ಟ್ರೀಯ’ಕ್ಕೆ 9 ಬೇಕು. ‘ಹೋಗಬೇಕಾಗಿತ್ತೆಂದು’ ಎಂಬ ಒಂದೇ ಪದ 20 ಸೆಲ್‌ಗಳ ಸಾಲಿನಲ್ಲಿ 16ನ್ನು ನುಂಗುತ್ತದೆ. ಇಂತಹ ಪದವನ್ನು ಸೆಲ್‌ಗಳು ಮುಗಿದಲ್ಲಿ ಕತ್ತರಿಸಿದರೆ ನಾಲ್ಕನೆಯ ಚುಕ್ಕಿ ಈ ಸಾಲಿನ ಕೊನೆಯಲ್ಲೂ ಅದು ಸೂಚಿಸುವ ವ್ಯಂಜನ ಮುಂದಿನ ಸಾಲಿನ ಮೊದಲಲ್ಲೂ ಬೀಳಬಹುದು. ಪದ ಮುಗಿದಲ್ಲೇ ಕತ್ತರಿಸಿದರೆ ಸಾಲಿನ ಅರ್ಧಭಾಗ ಖಾಲಿ ಉಳಿಯಬಹುದು. ಅಕ್ಷರದ ನಡುವೆ ಎಂದೂ ಕತ್ತರಿಸಬಾರದೆಂಬುದನ್ನು ನಾವು ಕಡ್ಡಾಯವಾಗಿಟ್ಟು, ಪದದ ನಡುವೆ ಕತ್ತರಿಸಬೇಕೇ ಎಂಬುದನ್ನು ಓದುಗರ ಆಯ್ಕೆಗೆ ಬಿಟ್ಟಿದ್ದೇವೆ.

ಸಾಲು ಇಷ್ಟು ಬೇಗ ಮುಗಿಯುವುದರಿಂದ ಮುಂದಿನ ಸಾಲು ತರಿಸುವ ಗುಂಡಿಯ ಸ್ಥಾನಕ್ಕೆ ಮಹತ್ವ ಬರುತ್ತದೆ. ಕಾಗದದ ಪುಟದಲ್ಲಿ ನುರಿತ ಓದುಗರ ಬಲಗೈ ಸಾಲು ಮುಗಿಸುತ್ತಿರುವಾಗಲೇ ಎಡಗೈ ಮುಂದಿನ ಸಾಲಿನ ಆರಂಭವನ್ನು ಹುಡುಕಿಕೊಂಡಿರುತ್ತದೆ. ಒಂದೇ ಸಾಲಿನ ಸಾಧನದಲ್ಲಿ ಆ ಅವಕಾಶವಿಲ್ಲ. ಗುಂಡಿಯನ್ನು ಮೇಲ್ಭಾಗದಲ್ಲಿಟ್ಟರೆ ಪ್ರತಿ ಸಾಲಿಗೂ ಕೈಯನ್ನು ಚುಕ್ಕಿಗಳಿಂದ ಎತ್ತಬೇಕಾಗುತ್ತದೆ. ಆದ್ದರಿಂದ ನಮ್ಮ ಸಾಧನದಲ್ಲಿ ಅದು ಮುಂಬದಿಯ ಅಂಚಿನ ಎರಡೂ ಕಡೆಗಳಲ್ಲಿ, ಹೆಬ್ಬೆರಳಿಗೆ ಸಿಗುವಂತಿದೆ, ಹೀಗಾಗಿ ಎಡಗೈಯಿಂದ ಮಾತ್ರ ಓದುವವರಿಗೂ ಅದು ಸುಲಭವಾಗಿ ಸಿಗುತ್ತದೆ.